ಆಸ್ಪತ್ರೆಗೆ ಸೇರಿಸಿದವನು

‘ಅಪಘಾತ, ಕ್ರಿಮಿನಲ್, ಕೌಟುಂಬಿಕ’ ಎಂದು ಬರೆದ ವಕೀಲರ ಬೋರ್ಡಿನ ಕೆಳಗೆ ಬಹಳ ಹೊತ್ತು ನಿಂತಿದ್ದ ಟೆಂಪೊ ಡ್ರೈವರ್ ಕೊನೆಗೂ ಒಳಗೆ ಬಂದ. ಆ ಸಣ್ಣ ಊರಿಗೆ ಎಲ್ಲ ಕೇಸಿಗೂ ಇದ್ದದ್ದು ಅವರೊಬ್ಬರೇ ವಕೀಲರು.

“ಸಾರ್, ಇಡ್ಲಿ ಅಂಗಡಿ ಅಮ್ಮನ್ನ ಆಸ್ಪತ್ರೆಗೆ ಸೇರಿಸಿದೋನು ನಾನೇ.”

“ಗೊತ್ತಪ್ಪ. ಯಾವುದೋ ಕಾರು ಗುದ್ದಿ ಹೋಯ್ತು ಅಂದಿದ್ದೆಯಂತಲ್ಲ. ಪೊಲೀಸ್ರು ಕರೆಸಿದ್ರಾ?”

“ನಾಳೆ ಬಾ ಅಂದವ್ರೆ.” ಅವನು ಬಾಗಿಲ ಕಡೆ ನೋಡಿ ದನಿ ತಗ್ಗಿಸಿದ. “ಕಾರೂ ಇಲ್ಲ, ಏನೂ ಇಲ್ಲ ಸಾರ್. ಹಿಂದಿನಿಂದ ಗುದ್ದಿದ್ದು ನನ್ನ ಟೆಂಪೋನೇ. ಎತ್ಕೊಂಡಾಗ ಆಯಮ್ಮ ಕಣ್ಣು ಬಿಟ್ಟು, ‘ಯಾರಪ್ಪಾ ಗುದ್ದಿದ್ದು?’ ಅಂದ್ರು. ಬಾಯಿಗೆ ಬಂದಿದ್ದು ಹೇಳ್ಬಿಟ್ಟೆ. ಆವತ್ತಿಂದ ಅನ್ನ ಗಂಟಲಲ್ಲಿ ಇಳೀತಿಲ್ಲ. ನಾಳೆ ಒಪ್ಕೊಂಡ್ಬಿಡ್ತೀನಿ. ನನ್ನ ಕೇಸು ನೀವೇ ತಗೊಳ್ಳಿ.”

ವಕೀಲರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

“ನಿನ್ನ ಕೇಸು ಬೆಳಿಗ್ಗೇನೇ ಒಪ್ಕೊಂಡು ಬಂದಿದೀನಿ.”

“ಯಾರು ಹೇಳಿದ್ರು ಸಾರ್?”

“ಆಯಮ್ಮನೇ. ಆಸ್ಪತ್ರೆಗೆ ಕರೆಸಿದ್ರು. ‘ಉಪಕಾರ ಮಾಡಿದೋನನ್ನೇ ಪೊಲೀಸ್ರು ಹಿಡ್ಕೊಂಡು ಕಾಡ್ತಾರೆ. ಆ ಹುಡುಗನಿಗೆ ಏನೂ ಆಗಬಾರದು, ನಿಮ್ಮ ಫೀಸು ನಾನು ಕೊಡ್ತೀನಿ’ ಅಂದ್ರು.”

ಡ್ರೈವರ್ ಬೆಂಚಿನ ತುದಿಗೆ ಕೂತ.

“ಇನ್ನೇನಾದ್ರೂ ಅಂದ್ರಾ?”

“ಇನ್ನೊಂದು ಕೇಸೂ ಕೊಟ್ಟಿದಾರೆ. ‘ಗುದ್ದಿದೋನನ್ನ ಮಾತ್ರ ಬಿಡಬೇಡಿ ಸಾರ್, ಆ ಹುಡುಗ ಸಾಕ್ಷಿ ಹೇಳ್ತಾನೆ’ ಅಂದ್ರು.”