ಅಕ್ಷರವಿಲ್ಲದ ಎಚ್ಚರಿಕೆ

ಆ ಊರಿನ ಮೂಡಲ ಬೋರಿನ ನೀರಿನಲ್ಲಿ ವಿಷದ ಅಂಶವಿದೆಯೆಂದು ಪರೀಕ್ಷೆಯಲ್ಲಿ ಗೊತ್ತಾಗಿತ್ತು; ಸುದ್ದಿ ಊರಿನವರನ್ನು ಇನ್ನೂ ಮುಟ್ಟಿರಲಿಲ್ಲ. ದೃಶ್ಯ ಸಂವಹನ ವಿನ್ಯಾಸದಲ್ಲಿ ಸ್ನಾತಕೋತ್ತರ ಪದವಿ ಓದುತ್ತಿದ್ದ ಸುಮೇಧಾ ಕೊನೆಯ ವರ್ಷದ ಪ್ರಾಜೆಕ್ಟಿಗೆ ಅದನ್ನೇ ಹಿಡಿದಳು. ಓದು ಬಾರದವರಿಗೂ ಅಪಾಯ ತಿಳಿಯಲೆಂದು ಆ ಬೋರಿನ ಕೈಪಂಪಿನ ಹಣೆಗೆ ದುಂಡಗೆ ಕೆಂಪು ಬಣ್ಣ ಬಳಿದು ಬಂದಳು. ಯಾರಿಗೂ ಏನೂ ಹೇಳಲಿಲ್ಲ. ಬಾಯಿಬಿಟ್ಟು ಹೇಳಿದರೆ ಬಣ್ಣದ ಗುರುತೊಂದೇ ಸಾಕೇ ಎಂಬ ಪರೀಕ್ಷೆ ಆದಂತಾಗುವುದಿಲ್ಲವಲ್ಲ.

ಮಳೆಗಾಲ ಕಳೆದ ಮೇಲೆ ನೋಡಲು ಬಂದಳು. ಬೋರಿನ ಹತ್ತಿರ ನರಪಿಳ್ಳೆಯೂ ಇರಲಿಲ್ಲ. ಬಟ್ಟೆ ಒಗೆಯುವ ಕಲ್ಲು ಒಣಗಿ ಬಿದ್ದಿತ್ತು. ಅವಳ ಎದೆ ಹಗುರಾಯಿತು.

ಎದುರು ಮನೆಯ ಜಗಲಿಯಲ್ಲಿ ಪುಟ್ಟಲಿಂಗಮ್ಮ ಬಸುರಿ ಸೊಸೆಯ ತಲೆ ಬಾಚುತ್ತಿದ್ದರು. ಸೊಸೆಯ ಮುಖ ಬಿಳಿಚಿಕೊಂಡಿತ್ತು.

"ಅಜ್ಜಿ, ಈ ಬೋರಿಗೆ ಈಗ ಯಾರೂ ಬರಲ್ವಾ?"

"ಎಲ್ಲಿ ಬರ್ತಾರವ್ವ? ನೀನು ಬಣ್ಣ ಬಳಿದು ಹೋದೆಯಲ್ಲ, ಅವತ್ತಿಂದ ಬಟ್ಟೆ ಒಗೆಯೋದು, ದನ ತೊಳೆಯೋದು ಎಲ್ಲಾ ನಿಂತೋಯ್ತು."

"ಯಾರೂ ಹೇಳದೇನೇ ಅರ್ಥ ಆಯ್ತಾ?"

"ಹೇಳೋದೇನು ಬಂತು? ಓದು ಬರದಿದ್ರೆ ಕಣ್ಣೂ ಇಲ್ವಾ ನಮಗೆ?"

ಸುಮೇಧಾ ನಗುತ್ತ ಕ್ಯಾಮೆರಾ ತೆಗೆದಳು. ಸೊಸೆ ಬಾಯಿಗೆ ಸೆರಗು ಒತ್ತಿಕೊಂಡು ಎದ್ದು ಹಿತ್ತಿಲಿಗೆ ಓಡಿದಳು.

"ಏನಾಯ್ತು ಅವರಿಗೆ?"

"ತಿಂದದ್ದು ಒಂದೂ ನಿಲ್ತಿಲ್ಲ ಕಣವ್ವ, ಬರೀ ವಾಂತಿ. ಊರಲ್ಲಿ ಇನ್ನಿಬ್ಬರು ಬಸುರೀರಿಗೂ ಹಿಂಗೇ ಆಗೈತೆ."

ಸುಮೇಧಾಳ ಕೈ ಕ್ಯಾಮೆರಾದ ಮೇಲೇ ನಿಂತಿತು. "ನೀರು ಎಲ್ಲಿಂದ ತರ್ತೀರಜ್ಜಿ?"

"ನಮಗೆಲ್ಲಾ ಪಡುವಲ ಬೋರು. ನೀನು ಗಂಗಮ್ಮನ ಹಣೆಗೆ ಕುಂಕುಮ ಇಟ್ಟ ಈ ನೀರನ್ನ ಮಾತ್ರ ದಿನಾ ಮಡೀಲಿ ಒಂದು ಕೊಡ ಹಿಡಿದು ಬಸುರೀರಿಗೆ ಕುಡಿಸ್ತೀವಿ."