ದೊಡ್ಡಪ್ಪ ಕಲಿಸಿದ ಶೂ ಪಾಠ

ಇದರಲ್ಲಿ ಎಷ್ಟು ನಡೆದದ್ದು, ಎಷ್ಟು ನಾನೇ ಸೇರಿಸಿಕೊಂಡದ್ದು, ಖಾತ್ರಿಯಿಲ್ಲ. ಬೆವರಿದ ಸಾಕ್ಸಿನ ವಾಸನೆ ಬಂದರೆ ಈಗಲೂ ಭದ್ರಾವತಿಯ ದೊಡ್ಡಪ್ಪನ ಮನೆಯ ಹೊಸ್ತಿಲು ಕಣ್ಣೆದುರು ಬರುತ್ತದೆ.

ಶಿವಮೊಗ್ಗದ ಗೋಪಾಳದಿಂದ ಹೋಗಿದ್ದ ನನಗೆ ಆಗ ಐದು ವರ್ಷ. ತಪ್ಪು ತುದಿ ಎಳೆದು ನನ್ನ ಶೂ ಲೇಸು ಗಂಟಾಗಿತ್ತು. ಒಳಗೆ ಊಟಕ್ಕೆ ಎಲೆ ಹಾಕಿದ್ದರು.

"ಶೂ ಬಿಚ್ಚೋಕೆ ಬರದವನಿಗೆ ಊಟ ಇಲ್ಲ, ಗೋಪಾಳದ ಮಹಾರಾಜ! ನಿನ್ನ ಕೆಲ್ಸ ನೀನೇ ಕಲಿಯೋ ಮಾರಾಯ," ಎಂದು ಫ್ಯಾಕ್ಟರಿಯಿಂದ ಬಂದ ದೊಡ್ಡಪ್ಪ ಕುರ್ಚಿಯಲ್ಲಿ ಕೂತು ಉಪದೇಶಿಸಿದರು. ಉಪದೇಶಿಸುತ್ತಲೇ ಕಾಲು ಚಾಚಿದರು. ದೊಡ್ಡಮ್ಮ ಸೆರಗಿಗೆ ಕೈ ಒರೆಸಿಕೊಂಡು ಬಂದು, ನೆಲಕ್ಕೆ ಕೂತು ಅವರ ಶೂ ಬಿಚ್ಚಿದರು. ಆಮೇಲೆ ನನ್ನ ಗಂಟಿಗೂ ಕೈ ಹಾಕಿದರು.

"ಮುದ್ದು ಮಾಡಿ ಹಾಳು ಮಾಡ್ಬೇಡ ಕಣೇ!"

ಅಳುತ್ತಾ ನಾನೇ ಬಿಚ್ಚಿದೆ. "ನೋಡಿದ್ಯಾ, ಹೀಗೆ ಕಲಿಸ್ಬೇಕು," ಎಂದು ದೊಡ್ಡಪ್ಪ ಬೀಗಿದರು.

ಮೊನ್ನೆ ದೊಡ್ಡಮ್ಮನನ್ನೇ ಕೇಳಿ ಖಚಿತ ಮಾಡಿಕೊಂಡೆ: ರಿಟೈರಾದ ದಿನವೂ ದೊಡ್ಡಪ್ಪನ ಶೂ ಬಿಚ್ಚಿದ್ದು ದೊಡ್ಡಮ್ಮನೇ.