ಹೆಬ್ಬೆರಳಿನ ಸದ್ದು

ವಾದ್ಯಗಳೆಲ್ಲ ಮೂಕವಾಗಿ ವರ್ಷಗಳೇ ಕಳೆದಿದ್ದವು. ಈಗ ಯಾರು ಎಷ್ಟು ಬಾರಿಸಿದರೂ, ಪಕ್ಕದಲ್ಲಿ ಕೂತವರು ಪ್ರತಿ ಸದ್ದನ್ನೂ ಆಗಿಂದಾಗಲೇ ಅದರದರ ಚಿಹ್ನೆಯಲ್ಲಿ ಕಂಪ್ಯೂಟರಿನಲ್ಲಿ ಬರೆದರಷ್ಟೇ ಅದು ಕೇಳಿಸುತ್ತಿತ್ತು. ಅದಕ್ಕೇ ಮಂಗಳೂರಿನ ಆ ಮದುವೆ ಹಾಲ್‌ನಲ್ಲಿ ಡ್ರಮ್ಮರ್ ಗ್ರೆಗರಿಯ ಪಕ್ಕ ಮಗಳು ಐವಿಗೂ ಒಂದು ಸ್ಟೂಲು ಹಾಕಿದ್ದರು.

ಐವಿ ಮೌಸ್ ಮುಟ್ಟುವವಳಲ್ಲ. ಮೌಸ್ ಹಿಡಿದು ಚಿಹ್ನೆ ಹುಡುಕುವಷ್ಟರಲ್ಲಿ ಹಾಡೇ ಮುಗಿದಿರುತ್ತದೆ. ಕೀಬೋರ್ಡಿನಲ್ಲಿ ಮೆಲ್ಲನೆ ತಾಗಿದ ಹೊಡೆತಕ್ಕೆ ಒಂದು ಕೀ, ಅಂಚಿಗೆ ಬಿದ್ದ ಹೊಡೆತಕ್ಕೆ ಇನ್ನೊಂದು. ಅಪ್ಪನ ಕೋಲು ಇಳಿಯುವಾಗ ಅವಳ ಬೆರಳೂ ಇಳಿದಿರುತ್ತಿತ್ತು.

ಒಂದು ಸದ್ದಿಗೆ ಮಾತ್ರ ಚಿಹ್ನೆಯೇ ಇರಲಿಲ್ಲ. ಗ್ರೆಗರಿ ಹೆಬ್ಬೆರಳು ಒದ್ದೆ ಮಾಡಿ ದೊಡ್ಡ ಡ್ರಮ್ಮಿನ ಮೇಲೆ ಉಜ್ಜುತ್ತಿದ್ದ. ಹಿಂದೆ ಬರೆಯುತ್ತಿದ್ದವರೆಲ್ಲ ಅದನ್ನು ಹಾರಿಸಿಬಿಡುತ್ತಿದ್ದರು. ಅವನು ಧೂಳು ಒರೆಸುತ್ತಿದ್ದಾನೆಂದೇ ಜನರ ಎಣಿಕೆ. "ಬಟ್ಟೆ ಬೇಕಾ ಗ್ರೆಗರಿ?" ಎಂದು ತಮಾಷೆ ಮಾಡಿದವರೂ ಇದ್ದರು. ಆ ಸದ್ದನ್ನು ಅವನೇ ಕೇಳದೆ ಎಷ್ಟೋ ಕಾಲವಾಗಿತ್ತು. ಉಜ್ಜುವುದನ್ನು ಮಾತ್ರ ಬಿಟ್ಟಿರಲಿಲ್ಲ.

ಇವತ್ತೂ ಹೆಬ್ಬೆರಳನ್ನು ನಾಲಿಗೆಗೆ ತಾಗಿಸಿದ. ಐವಿ ತಾನೇ ಕೂತು ಒಂದು ಹೊಸ ಚಿಹ್ನೆ ಮಾಡಿಕೊಂಡು ಬಂದಿದ್ದಳು. ಅದಕ್ಕೆ ಕೀಬೋರ್ಡಿನ ಅತಿ ದೊಡ್ಡ ಕೀಯನ್ನೇ ಕೊಟ್ಟಿದ್ದಳು. ಅಪ್ಪ ಉಜ್ಜಿದ, ಅವಳು ಒತ್ತಿದಳು.

ಗುಂಯ್ಯ್ ಎಂದು ಡ್ರಮ್ಮು ಬಾಯಿಬಿಟ್ಟಿತು.

ಕುಣಿಯುತ್ತಿದ್ದವರು ಕಾಲು ಎತ್ತಿದಲ್ಲೇ ನಿಂತರು. ಮದುಮಗಳ ಅಪ್ಪ ಊಟದ ಕೈಯಲ್ಲೇ ಓಡಿಬಂದರು. "ಎಂಥ ಸದ್ದು ಮಾರಾಯ್ರೆ! ಯಾರು ಬಾರಿಸಿದ್ದು?"

ಗ್ರೆಗರಿ ಎದ್ದು ನಿಂತು, ಕೋಲನ್ನು ಐವಿಯ ಕಡೆ ಚಾಚಿದ.

"ನನ್ನ ಮಗಳು."